ಕುಂಡದ ಮಣ್ಣು ಹುಳಿಯಾದರೆ ಎಷ್ಟು ಸುಣ್ಣ ಹಾಕಬೇಕು?

ಹಾಸ್ಟೆಲ್ ಟೆರೇಸ್ ಮೇಲೆ, ಪಿಜಿ ಬಾಲ್ಕನಿಯಲ್ಲಿ ಕುಂಡ ಇಟ್ಟವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಮೆಣಸಿನಕಾಯಿ, ಟೊಮೆಟೊ, ಗುಲಾಬಿ, ಕರಿಬೇವು. ಎಲೆ ಹಳದಿ ಆದ ಕೂಡಲೇ ಒಂದು ಸಲಹೆ ರೆಡಿ ಇರುತ್ತೆ: "ಮಣ್ಣು ಹುಳಿ ಆಗಿದೆ, ಒಂದು ಹಿಡಿ ಸುಣ್ಣ ಹಾಕು." ಈ ಸಲಹೆ ಕೆಲವೊಮ್ಮೆ ಸರಿ, ಕೆಲವೊಮ್ಮೆ ಗಿಡವನ್ನೇ ಕೊಲ್ಲುತ್ತೆ. ಯಾವಾಗ ಸರಿ, ಎಷ್ಟು ಹಾಕಬೇಕು ಅನ್ನೋದನ್ನ ನಮ್ಮ ಫಸ್ಟ್ ಇಯರ್ ಕೆಮಿಸ್ಟ್ರಿಯಿಂದಲೇ ಲೆಕ್ಕ ಹಾಕಬಹುದು.

ಮೊದಲ ಪ್ರಶ್ನೆ: ಮಣ್ಣು ಎಲ್ಲಿಯದು?

ದಾವಣಗೆರೆ, ಹರಿಹರ ಸುತ್ತಮುತ್ತ ಎರೆಮಣ್ಣು ಹೆಚ್ಚು. ಇಲ್ಲಿ ಮಳೆ ಕಡಿಮೆ, ವರ್ಷಕ್ಕೆ 600 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ಅಷ್ಟೇ. ಹಾಗಾಗಿ ಮಣ್ಣಿನ ಕ್ಯಾಲ್ಸಿಯಂ ತೊಳೆದು ಹೋಗಲ್ಲ. ಎರೆಮಣ್ಣಿನ ಪಿಎಚ್ ಸಾಮಾನ್ಯವಾಗಿ 7.5ರಿಂದ 8.5ರ ನಡುವೆ ಇರುತ್ತೆ, ಅಂದರೆ ಅದು ಕ್ಷಾರದ ಕಡೆ. ಇದಕ್ಕೆ ಸುಣ್ಣ ಬೇಕಾಗೇ ಇಲ್ಲ.

ಮಲೆನಾಡಿನ ಕೆಂಪು ಮಣ್ಣಿನ ಕಥೆ ಇದಕ್ಕೆ ಉಲ್ಟಾ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತೆ. ಅಂಥ ಮಳೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ತೊಳೆದುಬಿಟ್ಟು ಕಬ್ಬಿಣ, ಅಲ್ಯುಮಿನಿಯಂ ಉಳಿಸುತ್ತೆ. ಪಿಎಚ್ 5ರ ಆಸುಪಾಸಿಗೆ ಇಳಿಯುತ್ತೆ. 5.5ಕ್ಕಿಂತ ಕೆಳಗೆ ಹೋದರೆ ಅಲ್ಯುಮಿನಿಯಂ ಕರಗಿ ಬೇರಿನ ತುದಿಯನ್ನ ಸುಡುತ್ತೆ, ರಂಜಕ ಮಣ್ಣಲ್ಲಿದ್ದರೂ ಗಿಡಕ್ಕೆ ಸಿಗಲ್ಲ.

ನರ್ಸರಿಯಿಂದ ತಂದ ಚೀಲದಲ್ಲಿ ಕೆಂಪು ಮಣ್ಣು, ಕೋಕೋಪೀಟ್, ಗೊಬ್ಬರ ಎಲ್ಲ ಮಿಕ್ಸ್ ಆಗಿರುತ್ತೆ. ಪಕ್ಕದ ಕುಂಡದಲ್ಲಿ ಹೊಲದ ಎರೆಮಣ್ಣು ಇರಬಹುದು. ಒಂದೇ ಟೆರೇಸು, ಎರಡು ಬೇರೆ ಮಣ್ಣು. ಎರಡರಲ್ಲೂ ಎಲೆ ಹಳದಿ ಆಗಬಹುದು, ಆದರೆ ಕಾರಣ ಬೇರೆ. ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಇದ್ದರೆ ಅದು ಕಬ್ಬಿಣದ ಕೊರತೆ. ಹೆಚ್ಚಾಗಿ ಕ್ಷಾರ ಮಣ್ಣಿನ ಲಕ್ಷಣ. ಅಲ್ಲಿ ಸುಣ್ಣ ಹಾಕಿದರೆ ಇನ್ನೂ ಕೆಡುತ್ತೆ. ಕೆಳಗಿನ ಹಳೆ ಎಲೆಗಳ ನರಗಳ ನಡುವೆ ಹಳದಿ ಬಂದಿದ್ದರೆ ಮೆಗ್ನೀಸಿಯಂ ಕೊರತೆ. ಇದು ಹುಳಿ ಮಣ್ಣಲ್ಲಿ ಜಾಸ್ತಿ.

ಗೊಬ್ಬರವೂ ಹುಳಿ ಮಾಡುತ್ತೆ

ಯೂರಿಯಾ, ಡಿಎಪಿ, ಅಮೋನಿಯಂ ಸಲ್ಫೇಟ್ ಹಾಕಿದಾಗ ಮಣ್ಣಿನ ಬ್ಯಾಕ್ಟೀರಿಯಾ ಅಮೋನಿಯಂ ಅನ್ನು ನೈಟ್ರೇಟ್ ಮಾಡುತ್ತೆ. ಆಗ ಹೈಡ್ರೋಜನ್ ಅಯಾನು ಹೊರಬರುತ್ತೆ. ಇಂಗ್ಲೆಂಡಿನ ರೋಥಾಮ್‌ಸ್ಟೆಡ್‌ನಲ್ಲಿ 1856ರಿಂದ ಒಂದೇ ಹುಲ್ಲುಗಾವಲಿನ ಮೇಲೆ ಪ್ರಯೋಗ ನಡೀತಾ ಇದೆ. ಅಲ್ಲಿ ವರ್ಷಾನುವರ್ಷ ಅಮೋನಿಯಂ ಸಲ್ಫೇಟ್ ಬಿದ್ದು, ಸುಣ್ಣ ಬೀಳದ ಜಾಗಗಳ ಪಿಎಚ್ 4ಕ್ಕಿಂತ ಕೆಳಗೆ ಇಳಿದಿದೆ. ಕುಂಡದಲ್ಲಿ ಮಣ್ಣು ಸ್ವಲ್ಪವೇ ಇರೋದರಿಂದ ಇದು ಬೇಗ ಆಗುತ್ತೆ.

ಲೆಕ್ಕ ಎಲ್ಲಿ ಕೈಕೊಡುತ್ತೆ?

ಪಿಎಚ್ ಸ್ಕೇಲನ್ನು 1909ರಲ್ಲಿ ಡೆನ್ಮಾರ್ಕಿನ ಸೊರೆನ್‌ಸೆನ್ ಕೊಟ್ಟಿದ್ದು. ಅದು ಲಾಗ್ ಸ್ಕೇಲ್ ಅಂತ ನಮಗೆಲ್ಲ ಗೊತ್ತು: 6ರಿಂದ 5ಕ್ಕೆ ಇಳಿದರೆ ಆಮ್ಲ ಹತ್ತು ಪಟ್ಟು.

ಈಗ 10 ಕೆ.ಜಿ. ಮಣ್ಣಿನ ಕುಂಡ ತಗೊಳ್ಳಿ. ಅದರಲ್ಲಿ 2 ಲೀಟರ್ ನೀರಿದೆ, ಪಿಎಚ್ 5. ಲೀಟರಿಗೆ 0.00001 ಮೋಲ್, ಒಟ್ಟು 0.00002 ಮೋಲ್ ಹೈಡ್ರೋಜನ್ ಅಯಾನು. ಒಂದು ಮೋಲ್ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ 100 ಗ್ರಾಂ, 2 ಮೋಲ್ ಆಮ್ಲವನ್ನ ತಟಸ್ಥ ಮಾಡುತ್ತೆ. ಹಾಗಾದರೆ ಬೇಕಾದ ಸುಣ್ಣ ಬರೀ 1 ಮಿಲಿಗ್ರಾಂ! ಒಂದು ಅಕ್ಕಿಕಾಳಿಗಿಂತ ಕಡಿಮೆ.

ನಿಜವಾಗಿ ಅಂಥ ಕುಂಡಕ್ಕೆ 10 ಗ್ರಾಂ ಅಥವಾ ಅದಕ್ಕಿಂತ ಹೆಚ್ಚೇ ಬೇಕಾಗಬಹುದು. ಹತ್ತು ಸಾವಿರ ಪಟ್ಟು ವ್ಯತ್ಯಾಸ. ಲೆಕ್ಕ ತಪ್ಪಿಲ್ಲ, ಆದರೆ ನಾವು ಲೆಕ್ಕ ಹಾಕಿದ್ದು ನೀರಲ್ಲಿರುವ ಆಮ್ಲವನ್ನ ಮಾತ್ರ. ಜೇಡಿ ಕಣ, ಕೊಳೆತ ಗೊಬ್ಬರ ಇವುಗಳ ಮೇಲ್ಮೈಯಲ್ಲಿ ಹೈಡ್ರೋಜನ್, ಅಲ್ಯುಮಿನಿಯಂ ಅಂಟಿಕೊಂಡಿರುತ್ತೆ. ನೀರಿನ ಆಮ್ಲ ಖಾಲಿ ಆದ ಹಾಗೆ ಇವು ಬಿಟ್ಟುಕೊಡ್ತಾ ಹೋಗುತ್ತವೆ. ಪಿಎಚ್ ಮೀಟರ್ ತೋರಿಸೋದು ಜೇಬಲ್ಲಿರೋ ಚಿಲ್ಲರೆ, ಬ್ಯಾಂಕಲ್ಲಿರೋ ದುಡ್ಡಲ್ಲ.

ಕೆಮಿಸ್ಟ್ರಿ ಲ್ಯಾಬಲ್ಲಿ ದುರ್ಬಲ ಆಮ್ಲದ ಪಿಕೆಎ ಪ್ರಯೋಗ ಮಾಡಿದ್ದು ನೆನಪಿದೆಯಾ? ಬ್ಯುರೆಟ್‌ನಿಂದ ಬೇಸ್ ಬೀಳ್ತಾನೇ ಇರುತ್ತೆ, ನಡುಭಾಗದಲ್ಲಿ ಪಿಎಚ್ ಅಷ್ಟಾಗಿ ಏರಲ್ಲ. ಅದೇ ಬಫರ್. ಮಣ್ಣೂ ಒಂದು ಬಫರ್. ಅದಕ್ಕೇ ಪಿಎಚ್ ಒಂದನ್ನೇ ನೋಡಿ ಸುಣ್ಣದ ಪ್ರಮಾಣ ಹೇಳೋಕಾಗಲ್ಲ. ಪಿಎಚ್ 5 ಇರೋ ಮರಳು ಮಣ್ಣಿಗೆ ಸ್ವಲ್ಪ ಸಾಕು, ಅದೇ ಪಿಎಚ್ ಇರೋ ಜೇಡಿಮಣ್ಣಿಗೆ ಹಲವು ಪಟ್ಟು ಬೇಕು.

ಮಣ್ಣನ್ನೇ ಕೇಳೋದು ಹೇಗೆ?

1. ನೆರಳಲ್ಲಿ ಒಣಗಿಸಿ ಜರಡಿ ಹಿಡಿದ 20 ಗ್ರಾಂ ಮಣ್ಣಿಗೆ 50 ಮಿ.ಲೀ. ಡಿಸ್ಟಿಲ್ಡ್ ವಾಟರ್ ಹಾಕಿ. ಆಗಾಗ ಕಲಕುತ್ತಾ ಅರ್ಧ ಗಂಟೆ ಬಿಡಿ. ಮೀಟರನ್ನು 4 ಮತ್ತು 7ರ ಬಫರ್‌ನಲ್ಲಿ ಸರಿಮಾಡಿಕೊಂಡು ಅಳೆಯಿರಿ.
2. ಪಿಎಚ್ 6ಕ್ಕಿಂತ ಹೆಚ್ಚಿದ್ದರೆ ಇಲ್ಲಿಗೇ ನಿಲ್ಲಿಸಿ. ಸುಣ್ಣ ಬೇಡ.
3. 5.5ಕ್ಕಿಂತ ಕಡಿಮೆ ಇದ್ದರೆ ನಾಲ್ಕು ಲೋಟದಲ್ಲಿ ತಲಾ 200 ಗ್ರಾಂ ಮಣ್ಣು ಹಾಕಿ. ಕ್ರಮವಾಗಿ 0, 0.2, 0.4, 0.8 ಗ್ರಾಂ ಸುಣ್ಣದ ಕಲ್ಲಿನ ಪುಡಿ ಬೆರೆಸಿ, ನೀರು ಚಿಮುಕಿಸಿ ಎರಡು ವಾರ ತೇವವಾಗಿಡಿ. (ನಡುವೆ ಇದ್ದರೆ, ಗಿಡ ಸೊರಗಿದ್ದರೆ ಮಾತ್ರ ಇದನ್ನ ಮಾಡಿ.)
4. ಮತ್ತೆ ಪಿಎಚ್ ಅಳೆದು ಗ್ರಾಫ್ ಹಾಕಿ. 6ರಿಂದ 6.5ಕ್ಕೆ ಬಂದ ಲೋಟದ ಪ್ರಮಾಣವೇ ನಿಮ್ಮ ಉತ್ತರ. 0.2 ಗ್ರಾಂ ಸಾಕಾಗಿದ್ದರೆ ಕೆ.ಜಿ.ಗೆ 1 ಗ್ರಾಂ, 10 ಕೆ.ಜಿ. ಕುಂಡಕ್ಕೆ 10 ಗ್ರಾಂ.

ಮೇಲೆ ಉದುರಿಸಿದ ಸುಣ್ಣ ಕೆಳಗಿಳಿಯೋದು ತುಂಬಾ ನಿಧಾನ. ಕುಂಡ ಬದಲಾಯಿಸುವಾಗ ಇಡೀ ಮಣ್ಣಿಗೆ ಬೆರೆಸೋದು ಒಳ್ಳೇದು.

ಯಾವ ಸುಣ್ಣ?

ಸುಣ್ಣದ ಕಲ್ಲಿನ ನುಣ್ಣನೆ ಪುಡಿ ಅಥವಾ ಡಾಲಮೈಟ್ ಸೇಫ್. ಡಾಲಮೈಟ್‌ನಲ್ಲಿ ಮೆಗ್ನೀಸಿಯಂ ಕೂಡ ಸಿಗುತ್ತೆ. ಎಲೆಅಡಿಕೆಗೆ, ಗೋಡೆಗೆ ಹಚ್ಚುವ ಸುಣ್ಣ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಅದರ ತಿಳಿನೀರಿನ ಪಿಎಚ್ 12 ದಾಟುತ್ತೆ, ಬೇರು ಸುಡುತ್ತೆ. ಮೊಟ್ಟೆ ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟೇ, ಆದರೆ ಮಿಕ್ಸಿಯಲ್ಲಿ ನುಣ್ಣಗೆ ಮಾಡದಿದ್ದರೆ ವರ್ಷಗಟ್ಟಲೆ ಹಾಗೇ ಕೂತಿರುತ್ತೆ. ಜಿಪ್ಸಂ ಪಿಎಚ್ ಏರಿಸಲ್ಲ. ಅಡಿಗೆ ಸೋಡಾ ಏರಿಸುತ್ತೆ, ಜೊತೆಗೆ ಸೋಡಿಯಂ ತುಂಬಿ ಮಣ್ಣು ಕೆಡಿಸುತ್ತೆ. ಸುಣ್ಣವನ್ನೂ ಯೂರಿಯಾವನ್ನೂ ಒಟ್ಟಿಗೆ ಹಾಕಬೇಡಿ, ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತೆ.

ನೀರನ್ನೂ ಲೆಕ್ಕಕ್ಕೆ ಸೇರಿಸಿ. ಬೋರ್‌ವೆಲ್ ನೀರಿನ ಆಲ್ಕಲಿನಿಟಿ ಲೀಟರಿಗೆ 300 ಮಿ.ಗ್ರಾಂ ಇದ್ದರೆ, ದಿನಕ್ಕೆ ಅರ್ಧ ಲೀಟರ್ ಹಾಕಿದರೂ ತಿಂಗಳಿಗೆ 4.5 ಗ್ರಾಂ ಸುಣ್ಣ ಹಾಕಿದ ಹಾಗೆ. ಅಂಥ ನೀರು ಹಾಕ್ತಿದ್ದರೆ ಸುಣ್ಣದ ಪ್ರಮಾಣ ಕಡಿಮೆ ಮಾಡಿ.

ಕುಂಡದಿಂದ ಹೊಲಕ್ಕೆ

ನಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಜಮೀನಿದೆ. ಒಂದು ಹೆಕ್ಟೇರಿನ ಮೇಲಿನ 15 ಸೆಂ.ಮೀ. ಮಣ್ಣು ಸುಮಾರು 22 ಲಕ್ಷ ಕೆ.ಜಿ. ತೂಗುತ್ತೆ. ಅಂದರೆ ಕುಂಡದಲ್ಲಿ ಕೆ.ಜಿ.ಗೆ 1 ಗ್ರಾಂ ಅಂದಿದ್ದು ಹೊಲದಲ್ಲಿ ಎಕರೆಗೆ ಸುಮಾರು 9 ಕ್ವಿಂಟಾಲ್ ಆಗುತ್ತೆ. ಅಂದಾಜಲ್ಲಿ ಹಾಕಿದರೆ ದುಡ್ಡೂ ಹೋಗುತ್ತೆ, ಬೆಳೆಯೂ ಹೋಗುತ್ತೆ.

2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡಿನಲ್ಲಿ ಪಿಎಚ್ ಸೇರಿ 12 ಅಂಶ ಇರುತ್ತೆ. ಅಲ್ಲಿ ಪಿಎಚ್‌ಗೆ ರಸಸಾರ ಅಂತ ಹೆಸರು. ಮುಂದಿನ ಸಲ ಊರಿಗೆ ಹೋದಾಗ ಆ ಕಾರ್ಡ್ ಕೇಳಿ ನೋಡಿ, ಅಪ್ಪ ಅಮ್ಮನ ಜೊತೆ ಕೂತು ಓದಿ. ಕಾರ್ಡ್ ಇಲ್ಲದಿದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೋ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲೋ ಮಣ್ಣು ಪರೀಕ್ಷೆ ಬಗ್ಗೆ ವಿಚಾರಿಸಿ. ಸುಣ್ಣದ ಚೀಲ ಕೊಳ್ಳೋದು ಅದಾದ ಮೇಲೆ.