ಲಾರಿ ಬದಲಾದರೂ ಚಾಲಕನ ಲೆಕ್ಕ ಒಂದೇ

ಯುರೋಪಿಯನ್ ಒಕ್ಕೂಟದಲ್ಲಿ ಸರಕು ಲಾರಿಗಳ ಚಾಲನಾವಧಿಯನ್ನು ಟ್ಯಾಕೋಗ್ರಾಫ್ ಎಂಬ ಉಪಕರಣವು ದಾಖಲಿಸುತ್ತದೆ. 2006ರ ಮೇ 1ರಿಂದ ಹೊಸ ಲಾರಿಗಳಿಗೆ ಇದರ ಡಿಜಿಟಲ್ ಮಾದರಿಯು ಕಡ್ಡಾಯವಾಯಿತು. ಚಾಲಕನು ಲಾರಿ ಬದಲಿಸುವಾಗ ತನ್ನ ಹೆಸರಿನ ಕಾರ್ಡನ್ನು ತೆಗೆದು ಮುಂದಿನ ಲಾರಿಯ ಉಪಕರಣಕ್ಕೆ ಹಾಕಬೇಕು. ನಡುವಣ ಅವಧಿಯ ಕೆಲಸ, ವಿಶ್ರಾಂತಿಗಳನ್ನು ತಾನೇ ನಮೂದಿಸಬೇಕು.

ನಾಲ್ಕೂವರೆ ಗಂಟೆಗಳ ಚಾಲನೆಯ ನಂತರ 45 ನಿಮಿಷಗಳ ವಿರಾಮ ಬೇಕೆಂಬುದು ಅಲ್ಲಿನ ನಿಯಮ. ಒಂದು ಲಾರಿಯನ್ನು ಮೂರು ಗಂಟೆ, ವಿರಾಮವಿಲ್ಲದೆ ಇನ್ನೊಂದನ್ನು ಎರಡು ಗಂಟೆ ಓಡಿಸಿದರೆ, ಬಿಡಿಬಿಡಿಯಾಗಿ ಎರಡೂ ದಾಖಲೆಗಳು ನಿರ್ದೋಷವೆನಿಸುತ್ತವೆ. ಕಾರ್ಡಿನಲ್ಲಿ ಮಾತ್ರ ಅರ್ಧ ಗಂಟೆಯ ಉಲ್ಲಂಘನೆ ಕಾಣುತ್ತದೆ. ದಣಿವಿಗೆ ಲಾರಿಯ ನಂಬರು ತಿಳಿಯದಷ್ಟೆ! ಇಂಥ ಉಲ್ಲಂಘನೆಗೆ ಸಾರಿಗೆ ಸಂಸ್ಥೆಯೂ ಹೊಣೆ.

ಲಾರಿಗೊಂದು ಟ್ರಿಪ್ ಶೀಟ್ ಮಾತ್ರ ಇರಿಸುವ ಇಲ್ಲಿನ ಮಾಲೀಕರು ಚಾಲಕನಿಗೊಂದು ಪುಸ್ತಕವನ್ನೂ ತೆರೆಯುವುದು ಲೇಸು. ವಾಹನ ಸಂಖ್ಯೆ, ಹತ್ತಿದ ಹಾಗೂ ಇಳಿದ ವೇಳೆ, ಆಗಿನ ಕಿಲೋಮೀಟರು, ಇಷ್ಟಿದ್ದರೆ ಸಾಕು.