ನೇರ ಸಾಗದ ದೋಣಿಯ ಪಂದ್ಯ

ತುಂಗಭದ್ರೆಯ ಸೀಮೆಯ ಜಲಕ್ರೀಡೆಗಳಲ್ಲಿ ಹರಿಗೋಲು ಪಂದ್ಯದಷ್ಟು ನಗೆ ತರಿಸುವುದು ಮತ್ತೊಂದಿಲ್ಲ. ಹಂಪಿ ಉತ್ಸವದ ಅಂಗವಾಗಿ ಕಮಲಾಪುರದ ಕೆರೆಯಲ್ಲಿ ಈ ಪಂದ್ಯ ನಡೆಯುವುದುಂಟು. ಹರಿಗೋಲಿಗೆ ಹಾಯಿಯಿಲ್ಲ, ಚುಕ್ಕಾಣಿಯಿಲ್ಲ. ಇದು ಮುಂಭಾಗ, ಇದು ಹಿಂಭಾಗ ಎಂಬ ಭೇದವೂ ಇಲ್ಲ. ಬಿದಿರಿನಿಂದ ಹೆಣೆದ ದೊಡ್ಡದೊಂದು ಬುಟ್ಟಿಯನ್ನು ನೀರಿಗಿಳಿಸಿ ಗುರಿ ಮುಟ್ಟೆಂದರೆ ಅದು ಬುಗುರಿಯಂತೆ ನಿಂತಲ್ಲೇ ಸುತ್ತತೊಡಗುತ್ತದೆ. ಪಂದ್ಯವೆಂದರೆ ವೇಗ, ವೇಗವೆಂದರೆ ನೇರವಾದ ದಾರಿ. ನೇರ ಸಾಗಲೊಲ್ಲದ ವಾಹನವನ್ನೇ ಪಂದ್ಯಕ್ಕೆ ಆರಿಸಿಕೊಂಡಿರುವುದರಲ್ಲಿ ಈ ಆಟದ ವಿನೋದವೆಲ್ಲ ಅಡಗಿದೆ.

ವಿನೋದದ ಒಳಗೆ ವಿದ್ಯೆಯೂ ಇದೆ. ಸಾಮಾನ್ಯ ದೋಣಿಯವನು ಹುಟ್ಟಿನಿಂದ ನೀರನ್ನು ಹಿಂದಕ್ಕೆ ತಳ್ಳುತ್ತಾನೆ. ಹರಿಗೋಲಿನಲ್ಲಿ ಒಂದು ಮಗ್ಗುಲಿನಿಂದ ಹಾಗೆ ತಳ್ಳಿದರೆ ಸುತ್ತು ತಪ್ಪದು. ಆದುದರಿಂದ ಅಂಬಿಗನು ಹೋಗಬೇಕಾದ ದಿಕ್ಕಿಗೆ ಮುಖಮಾಡಿ, ಎದುರಿನ ನೀರನ್ನು ಎಡಬಲಗಳಿಂದ ತನ್ನತ್ತ ಸೆಳೆದುಕೊಳ್ಳುತ್ತಾನೆ. ನೀರು ಇತ್ತ ಬಂದಷ್ಟು ಹರಿಗೋಲು ಅತ್ತ ಸರಿಯುತ್ತದೆ. ಪ್ರವಾಸಿಗರನ್ನು ಕೂರಿಸಿಕೊಂಡು ಬೇಕೆಂದೇ ಗಿರಗಿರನೆ ತಿರುಗಿಸಿ ಕಿರುಚಿಸುವ ಚೇಷ್ಟೆಯೂ ಇದೇ ಅಂಬಿಗರದು. ಸುತ್ತನ್ನು ತಡೆಯಬಲ್ಲವನಿಗಷ್ಟೇ ಸುತ್ತಿಸುವ ಸಲಿಗೆ ಉಂಟು.

ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯಸ್ ಈ ಸುತ್ತನ್ನು ಗಮನಿಸದೆ ಬಿಟ್ಟಿಲ್ಲ. ಆನೆಗೊಂದಿಯ ಕಡವಿನಲ್ಲಿ ಒಳಗೆ ಬೆತ್ತ, ಹೊರಗೆ ಚರ್ಮ ಇರುವ ಬುಟ್ಟಿಯಾಕಾರದ ದೋಣಿಗಳಿದ್ದುವೆಂದೂ, ಅವು 15-20 ಜನರನ್ನು ಹೊರುತ್ತಿದ್ದುವೆಂದೂ, ನೇರ ಹೋಗಲಾರದೆ ಸದಾ ತಿರುಗುತ್ತಿದ್ದುವೆಂದೂ ಆತ ಬರೆದಿದ್ದಾನೆ. ಇಂಥ ಚರ್ಮದೋಣಿ ಇಲ್ಲಿಯದು ಮಾತ್ರವಲ್ಲ. ವೇಲ್ಸ್ ದೇಶದ ಟೈವಿ ನದಿಯಲ್ಲಿ ಮೀನುಗಾರರು ಒಬ್ಬನೇ ಕೂರುವ, ಬೆನ್ನಮೇಲೆ ಹೊತ್ತೊಯ್ಯಬಹುದಾದ ಪುಟ್ಟ ಹರಿಗೋಲನ್ನು ಬಳಸುತ್ತ ಬಂದಿದ್ದಾರೆ. ಅಲ್ಲಿಯ ಕಿಲ್ಗೆರಾನ್ ಎಂಬ ಊರಿನಲ್ಲಿ 1950ರಿಂದ ಅದರ ಪಂದ್ಯ ನಡೆಯುತ್ತಿದೆ. ಕಸುಬು ಕ್ಷೀಣಿಸಿದಂತೆ ಅದು ಆಟವಾಗಿ ಉಳಿಯುವುದು ಎರಡು ಕಡೆಯಲ್ಲೂ ಕಾಣುವ ಸಂಗತಿ.

ಕನ್ನಡದ ವಿದ್ಯಾರ್ಥಿಗಳಿಗೆ ಇಲ್ಲಿ ಇನ್ನೂ ಹತ್ತಿರದ ವಿಷಯವೊಂದಿದೆ: ಶಬ್ದ. ನಡುಗನ್ನಡದಲ್ಲಿ ‘ಹರುಗೋಲು’ ಎಂಬ ರೂಪವೂ ಇರುವುದರಿಂದ ‘ಹರಿ’ ಎಂಬ ದೇವನಾಮವನ್ನು ಇದಕ್ಕೆ ಗಂಟುಹಾಕುವ ಆತುರ ಬೇಡ. ಪಾಲು ಹಾಲಾದ, ಪೂವು ಹೂವಾದ ನಿಯಮವನ್ನು ಬಲ್ಲವರು ತಮಿಳಿನ ‘ಪರಿಸಲ್’ ಪದವನ್ನು ಇದರ ಪಕ್ಕದಲ್ಲಿಟ್ಟು ಯೋಚಿಸಲಿ. ತೆಲುಗಿನವರು ಇದೇ ದೋಣಿಯನ್ನು ‘ಪುಟ್ಟಿ’ ಎನ್ನುತ್ತಾರೆ. ಕನ್ನಡದಲ್ಲಿ ಪುಟ್ಟಿಯೆಂದರೆ ಬುಟ್ಟಿ. ಕನ್ನಡದ ‘ಓಡ’ ದೋಣಿ, ಮರಾಠಿಯ ‘ಹೋಡಿ’ಯೂ ದೋಣಿ, ಇಂದಿನ ತೆಲುಗಿನ ‘ಓಡ’ ಮಾತ್ರ ಹಡಗು. ಆದರೆ ಆದವಾನಿಯ ಮಕ್ಕಳು ಮನೆಯಲ್ಲೋ ಬೀದಿಯಲ್ಲೋ ಕೇಳಿರುವ ‘ಏರು ದಾಟೇದಾಕಾ ಓಡ ಮಲ್ಲಯ್ಯ, ಏರು ದಾಟಾಕ ಬೋಡಿ ಮಲ್ಲಯ್ಯ’ ಎಂಬ ಗಾದೆಯಲ್ಲಿ ಹೊಳೆ ದಾಟಿಸುವ ಸಣ್ಣ ದೋಣಿಯ ಹಳೆಯ ಅರ್ಥ ಇನ್ನೂ ಕುಳಿತಿದೆ. ನಿಘಂಟು ಮರೆತದ್ದನ್ನು ಗಾದೆ ಕಾಪಾಡುವುದು ಹೀಗೆ.

ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನಿಗೆ ದೋಣಿ ಕಾಯಕವಾಗಿತ್ತು. ಪುರಂದರದಾಸರ ಕೀರ್ತನೆಯಲ್ಲಿ ಒಂಬತ್ತು ತೂತುಗಳ ದೇಹವೇ ಹರಿಗೋಲು. ಆ ರೂಪಕದ ಭಯ ಅರ್ಥವಾಗಬೇಕಾದರೆ ಚರ್ಮ ಹೊದಿಸಿದ ಬುಟ್ಟಿಗೆ ಒಂದೇ ತೂತಾದರೂ ನಡುಹೊಳೆಯಲ್ಲಿ ಏನಾದೀತೆಂಬುದು ಗೊತ್ತಿರಬೇಕು. ದಡದಲ್ಲಿ ಕುಳಿತು ಓದುವವರಿಗೆ ಅದು ಬರಿಯ ಅಲಂಕಾರವಾಗಿ ತೋರುವ ಅಪಾಯವಿದೆ.

ಕೌತಾಳಂ, ಕೋಸಿಗಿ, ಮಂತ್ರಾಲಯಗಳ ಉತ್ತರಕ್ಕೆ ತುಂಗಭದ್ರೆಯೇ ಗಡಿ. ಆಚೆ ದಡ ರಾಯಚೂರು ಜಿಲ್ಲೆ. 1671ರಲ್ಲಿ ರಾಘವೇಂದ್ರಸ್ವಾಮಿಗಳ ವೃಂದಾವನ ಪ್ರವೇಶದ ವೇಳೆಗೆ ಬಿಚ್ಚಾಲೆಯ ಅಪ್ಪಣಾಚಾರ್ಯರು ಉಕ್ಕಿ ಹರಿಯುವ ಹೊಳೆ ದಾಟಿ ಬಂದರೆಂಬ ಐತಿಹ್ಯವು ಈ ದಡಗಳ ನಡುವಿನ ಹೋಗಿಬರುವಿಕೆ ಎಷ್ಟು ಹಳೆಯದು, ಎಷ್ಟು ಕಷ್ಟದ್ದು ಎಂಬುದನ್ನು ತಿಳಿಸುತ್ತದೆ. ಈಗ ಸೇತುವೆಯಿದೆ, ಬಸ್ಸಿದೆ. ಇದರಲ್ಲಿ ದುಃಖಪಡುವಂಥದ್ದೇನೂ ಇಲ್ಲ. ಹರಿಗೋಲಿನ ಹೊದಿಕೆಯೂ ಬದಲಾಗಿದೆ: ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿವೆ. ಚರ್ಮವನ್ನು ಹದಮಾಡುವ, ಹೊಲಿಯುವ, ಬಿದಿರಿಗೆ ಬಿಗಿಯುವ ಕೆಲಸಗಳ ಮಾತುಗಳು ಈಗ ಮುದುಕರ ಬಾಯಲ್ಲಿ ಮಾತ್ರ ಸಿಕ್ಕಾವು.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಕ್ಷೇತ್ರಕಾರ್ಯಕ್ಕೆ ವಿಷಯ ಹುಡುಕುತ್ತ ದೂರ ಹೋಗಬೇಕಾಗಿಲ್ಲ. ನದಿಯ ಎರಡೂ ದಡದ ಅಂಬಿಗರನ್ನು ಕಂಡು ಬುಟ್ಟಿಯ ತಳಕ್ಕೆ, ಅಂಚಿಗೆ, ಹುಟ್ಟಿನ ಹಿಡಿಗೆ, ನೀರಿನ ಸುಳಿಗೆ ಅವರು ಏನೆನ್ನುತ್ತಾರೆಂದು ಕೇಳಿ, ಕನ್ನಡ ತೆಲುಗುಗಳೆರಡರಲ್ಲೂ ಬರೆದುಕೊಳ್ಳಬೇಕು. ಹರಿಗೋಲು ತಾನಾಗಿ ತಿರುಗುವುದಕ್ಕೂ ಅಂಬಿಗ ಬೇಕೆಂದು ತಿರುಗಿಸುವುದಕ್ಕೂ ಅವರಲ್ಲಿ ಬೇರೆಬೇರೆ ಮಾತುಗಳಿವೆಯೇ ಎಂಬುದನ್ನು ಮೊದಲು ಕೇಳಬಹುದು.