ಸುಡೊಕು: ಉತ್ತರ ಬೇಡ, ದಾರಿ ಹೇಳು



ಕಳೆದ ಚಳಿಗಾಲದಲ್ಲಿ ಅಮ್ಮ ಶಿವಮೊಗ್ಗದಿಂದ ನ್ಯೂಜೆರ್ಸಿಯ ನಮ್ಮ ಮನೆಗೆ ಬಂದಿದ್ದರು. ಹೊರಗೆ ಹಿಮ, ನಾವಿಬ್ಬರೂ ಆಫೀಸಿಗೆ, ಮಗಳು ಶಾಲೆಗೆ. ಹಗಲೆಲ್ಲ ಅಮ್ಮನಿಗೆ ಜೊತೆಯೆಂದರೆ ಒಂದು ಸುಡೊಕು ಪುಸ್ತಕ. ಊರಲ್ಲಿ ಪೇಪರಿನ ಸುಡೊಕು ಅಪ್ಪನ ಪಾಲಿನದಾಗಿತ್ತು. ಅವರು ಹೋದ ಮೇಲೆ ಅಮ್ಮ ಹಿಡಿದುಕೊಂಡಿದ್ದರು. ಸುಲಭದ್ದನ್ನೆಲ್ಲ ಬಿಡಿಸುತ್ತಿದ್ದರು. ‘ಮೀಡಿಯಂ’ ಬಂದರೆ ಅರ್ಧಕ್ಕೇ ನಿಲ್ಲುತ್ತಿತ್ತು. “ಇದೆಲ್ಲ ನಿಮ್ಮಪ್ಪಂಗೇ ಸರಿ, ನಂಗೆ ತಲೆ ಓಡಲ್ಲ” ಎಂದು ಪುಸ್ತಕ ಮುಚ್ಚಿಡುತ್ತಿದ್ದರು. ಆ ಮಾತು ಕೇಳಿ ನನಗೆ ಕಸಿವಿಸಿ.

ನಾನೋ ಸಾಫ್ಟ್‌ವೇರ್ ಇಂಜಿನಿಯರು! ಒಂದು ರಾತ್ರಿ ಕೂತು ಪ್ರೋಗ್ರಾಂ ಬರೆದೆ. ಅಂಕಿ ಹಾಕಿ ನೋಡುವುದು, ತಪ್ಪಾದರೆ ಅಳಿಸಿ ಇನ್ನೊಂದು ಹಾಕುವುದು, ಅಷ್ಟೇ. ಕಣ್ಣು ಮಿಟುಕಿಸುವುದರಲ್ಲಿ ಉತ್ತರ ಬಂತು. ಬೆಳಿಗ್ಗೆ ಹೆಮ್ಮೆಯಿಂದ ತೋರಿಸಿದರೆ ಅಮ್ಮ ಅಂದರು, “ಉತ್ತರ ಪುಸ್ತಕದ ಹಿಂದೇನೇ ಇದೆಯಲ್ಲೋ. ದಾರಿ ಹೇಳು.” ಆಗ ನಾನೇ ಪೆನ್ಸಿಲ್ ಹಿಡಿದು ಮೊದಲಿನಿಂದ ಕಲಿಯಬೇಕಾಯಿತು. ಕಲಿತದ್ದು ಇಷ್ಟು.

ಮೊದಲು ಸ್ವಲ್ಪ ಇತಿಹಾಸ. ಹೆಸರು ಜಪಾನಿನದಾದರೂ ಈ ಆಟ ಅಚ್ಚಾದದ್ದು 1979ರಲ್ಲಿ, ಅಮೆರಿಕದ ಡೆಲ್ ಸಂಸ್ಥೆಯ ಪತ್ರಿಕೆಯಲ್ಲಿ, ‘ನಂಬರ್ ಪ್ಲೇಸ್’ ಎಂಬ ಹೆಸರಿನಿಂದ. 1984ರಲ್ಲಿ ಜಪಾನಿನ ನಿಕೋಲಿ ಅದನ್ನು ತನ್ನ ಓದುಗರಿಗೆ ಕೊಟ್ಟಿತು. 2004ರ ನವೆಂಬರಿನಲ್ಲಿ ಲಂಡನ್ನಿನ ‘ದಿ ಟೈಮ್ಸ್’ನಲ್ಲಿ ಬಂದ ಮೇಲೆ ಲೋಕಕ್ಕೆಲ್ಲ ಹುಚ್ಚು ಹಿಡಿಯಿತು.

ನಿಯಮ ಗೊತ್ತೇ ಇದೆ: ಪ್ರತಿ ಅಡ್ಡಸಾಲು, ಪ್ರತಿ ಕಂಬಸಾಲು, 9 ಮನೆಗಳ ಪ್ರತಿ ಚೌಕ – ಎಲ್ಲದರಲ್ಲೂ 1ರಿಂದ 9 ಒಂದೊಂದೇ ಸಲ.

1. ಅಂಕಿಗೆ ಮನೆ ಹುಡುಕಿ. “ಈ ಮನೆಗೆ ಯಾವ ಅಂಕಿ?” ಎನ್ನುವ ಬದಲು “ಈ ಚೌಕದಲ್ಲಿ 7 ಎಲ್ಲಿ ಕೂರಬಹುದು?” ಎಂದು ಕೇಳಿ. ಎಡಮೇಲಿನ ಚೌಕ ನೋಡೋಣ. ಮೊದಲ ಅಡ್ಡಸಾಲಿನಲ್ಲಿ ಬಲಗಡೆ 7 ಇದೆ, ಎರಡನೆಯದರಲ್ಲಿ ನಡುವೆ ಇದೆ. ಹಾಗಾದರೆ ನಮ್ಮ 7 ಮೂರನೆಯ ಸಾಲಿನಲ್ಲೇ. ಅಲ್ಲಿ ಮೊದಲ ಮನೆಯ ಕೆಳಗೆ, ಅದೇ ಕಂಬದಲ್ಲಿ, 7 ಇದೆ. ಮೂರನೆಯ ಮನೆಯಲ್ಲಿ ಆಗಲೇ 4 ಕೂತಿದೆ. ಉಳಿದದ್ದು ನಡುವಿನ ಮನೆ!

2. ಪೆನ್ಸಿಲ್ ಗುರುತು. ಇನ್ನು ಮುಂದೆ ಹೋಗದಿದ್ದಾಗ ಪ್ರತಿ ಖಾಲಿ ಮನೆಯ ಮೂಲೆಯಲ್ಲಿ ಬರಬಹುದಾದ ಅಂಕಿಗಳನ್ನೆಲ್ಲ ಸಣ್ಣದಾಗಿ ಬರೆಯಿರಿ. ಒಂದೇ ಅಂಕಿ ಉಳಿದ ಮನೆ ತುಂಬಿದಂತೆಯೇ. ಒಂದನ್ನು ತುಂಬಿದ ಕೂಡಲೇ ಅದರ ಸಾಲು, ಕಂಬ, ಚೌಕಗಳಲ್ಲಿ ಆ ಅಂಕಿಯನ್ನು ಅಳಿಸಿ. ಅಮ್ಮ ಎಡವುತ್ತಿದ್ದದ್ದು ಇಲ್ಲೇ, ಅಳಿಸಲು ಮರೆಯುತ್ತಿದ್ದರು.

3. ಚೌಕದಿಂದ ಸಾಲಿಗೆ. ನಡುವಿನ ಚೌಕದಲ್ಲಿ 5 ಬರಬಹುದಾದದ್ದು ಎರಡೇ ಮನೆ, ಎರಡೂ ನಾಲ್ಕನೆಯ ಅಡ್ಡಸಾಲಿನಲ್ಲಿ ಎಂದುಕೊಳ್ಳಿ. ಯಾವ ಮನೆಯೆಂದು ಇನ್ನೂ ತಿಳಿಯದು. ಆದರೆ ಆ ಸಾಲಿನ 5 ಈ ಚೌಕದ ಪಾಲಾಯಿತು. ಸಾಲಿನ ಉಳಿದ ಆರು ಮನೆಗಳಲ್ಲಿ 5 ಅಳಿಸಿ. ಅಲ್ಲಿ 5, 8 ಎಂದಿದ್ದ ಮನೆ ಈಗ 8.

4. ಜೋಡಿ. ಒಂದು ಸಾಲಿನಲ್ಲಿ 2, 3, 5, 7, 8 ಬಾಕಿ. ಐದು ಖಾಲಿ ಮನೆಗಳ ಗುರುತು ಹೀಗಿದೆ:
3,8 / 3,8 / 2,3,8 / 2,5,8 / 3,5,7
ಮೊದಲೆರಡು ಮನೆ 3 ಮತ್ತು 8ನ್ನು ಹಂಚಿಕೊಳ್ಳಲೇಬೇಕು. ಉಳಿದ ಮನೆಗಳಿಂದ ಅವೆರಡನ್ನೂ ತೆಗೆಯಿರಿ. ಮೂರನೆಯದು 2. ಆದ್ದರಿಂದ ನಾಲ್ಕನೆಯದು 5, ಐದನೆಯದು 7. ಜೋಡಿ ಇನ್ನೂ ಬಿಡಿಸಿಲ್ಲ, ಆದರೂ ಮೂರು ಮನೆ ತುಂಬಿದವು!

5. ಅಡಗಿದ ಜೋಡಿ. ಒಂದು ಚೌಕದಲ್ಲಿ 1 ಮತ್ತು 6 ಎರಡೇ ಮನೆಗಳಲ್ಲಿ ಕಾಣುತ್ತವೆ. ಒಂದರಲ್ಲಿ 1,4,6,9, ಇನ್ನೊಂದರಲ್ಲಿ 1,6,8. ಅವೆರಡು ಮನೆ 1, 6ಕ್ಕೇ ಮೀಸಲು. 4, 9, 8 ಅಳಿಸಿ.

ಊಹೆ ಮಾತ್ರ ಬೇಡ. ಸರಿಯಾಗಿ ಕಟ್ಟಿದ ಸುಡೊಕುಗೆ ಒಂದೇ ಉತ್ತರ. ತಪ್ಪು ಊಹೆ ಗೊತ್ತಾಗುವಷ್ಟರಲ್ಲಿ ಇಪ್ಪತ್ತು ಮನೆ ತುಂಬಿರುತ್ತೀರಿ, ಎಲ್ಲವನ್ನೂ ಅಳಿಸಬೇಕು. ಕಂಪ್ಯೂಟರಿಗೆ ಬೇಸರವಿಲ್ಲ, ನಮಗಿದೆ. ಕೊಟ್ಟ ಅಂಕಿ ಕಡಿಮೆಯಿದ್ದರೆ ಕಷ್ಟವೆಂದೂ ಹೆದರಬೇಡಿ. ಕಷ್ಟ ಇರುವುದು ಎಂಥ ತರ್ಕ ಬೇಕು ಎಂಬುದರಲ್ಲಿ. (ಒಂದೇ ಉತ್ತರ ಬರಲು ಕನಿಷ್ಠ 17 ಅಂಕಿ ಬೇಕೆಂದು 2012ರಲ್ಲಿ ಡಬ್ಲಿನ್ನಿನ ಗಣಿತಜ್ಞರು ಕಂಪ್ಯೂಟರಿನ ನೆರವಿನಿಂದ ತೋರಿಸಿದರು.)

ಅಮ್ಮ ಈಗ ಊರಿನಲ್ಲಿದ್ದಾರೆ. ಹೋದ ಭಾನುವಾರ ಫೋನಿನ ಕ್ಯಾಮೆರಾ ಮುಂದೆ ಪೇಪರ್ ಹಿಡಿದು “ಜೋಡಿ ಎಲ್ಲಿದೆ ಹೇಳು ನೋಡೋಣ” ಅಂದರು. ನನಗೆ ಹತ್ತು ನಿಮಿಷ ಹಿಡಿಯಿತು. “ನಿಮ್ಮಪ್ಪನೂ ಇಷ್ಟೇ ಹೊತ್ತು ಮಾಡ್ತಿದ್ರು” ಎಂದು ನಕ್ಕರು.

ನಿಮ್ಮ ಮನೆಗೂ ಅಪ್ಪ-ಅಮ್ಮ ಬಂದಾಗ ಮಕ್ಕಳನ್ನೂ ಕೂರಿಸಿಕೊಂಡು ಪ್ರಯತ್ನಿಸಿ. ಇಗೋ ಒಂದು ಮನೆಗೆಲಸ. ಸಾಲಿನಲ್ಲಿ 1, 3, 6, 7, 9 ಬಾಕಿ:
1,6 / 1,6,9 / 1,6 / 3,6,9 / 1,3,7
ಯಾವ ಮೂರು ಮನೆ ತುಂಬುತ್ತವೆ? ಉತ್ತರ ಕೊಡುವುದಿಲ್ಲ, ದಾರಿ ಕೊಟ್ಟಾಗಿದೆ!